ಬಾಗಿಲು ತೆರೆಯುವ ಯಂತ್ರ: ಬಳಕೆದಾರರ ಕೈಪಿಡಿ (ಅನಗೋಳ ಮಾದರಿ)

ಮನೆಯಲ್ಲಿ ಎಸ್ಸೆಸ್ಸೆಲ್ಸಿ ಪಾಸಾದ ಮಗುವಿದ್ದರೆ ಈ ಯಂತ್ರಕ್ಕೆ ನೀವು ಅರ್ಹರು. ಅಮೆರಿಕದವರು ಇದನ್ನು ಕಮ್ಯುನಿಟಿ ಕಾಲೇಜು ಎನ್ನುತ್ತಾರೆ. 1901ರಲ್ಲಿ ಇಲಿನಾಯ್ ರಾಜ್ಯದ ಜೋಲಿಯೆಟ್‌ನಲ್ಲಿ ಶುರುವಾದದ್ದು. ಎರಡು ವರ್ಷ ಅಲ್ಲಿ ಓದಿ, ಮೂರನೆಯದಕ್ಕೆ ವಿಶ್ವವಿದ್ಯಾಲಯ ಹೊಗುವ ಏರ್ಪಾಡು. ನಮ್ಮ ಕಡೆ ಆ ಕೆಲಸವನ್ನು ಬೋರ್ಡು ಹಾಕಿಕೊಳ್ಳದೆ ಮಾಡುತ್ತ ಬಂದವು ಪಾಲಿಟೆಕ್ನಿಕ್ಕು, ಐಟಿಐ, ಸರ್ಕಾರಿ ಟೂಲ್ ರೂಮ್ ತರಬೇತಿ ಕೇಂದ್ರ (ಜಿಟಿಟಿಸಿ).

ಎಚ್ಚರಿಕೆ: ಯಂತ್ರ ಚಾಲೂ ಮಾಡುವಾಗ ನೆಂಟರನ್ನು ದೂರವಿಡಿ. "ಪಾಲಿಟೆಕ್ನಿಕ್ಕಾ? ಯಾಕ, ಮಾರ್ಕ್ಸ್ ಕಡಿಮಿ ಬಿದ್ದಾವೇನು?" ಎಂಬ ಮಾತು ತಗುಲಿದರೆ ಮಗು ಸೀದಾ ಪಿಯುಸಿ ಸೈನ್ಸಿನತ್ತ ಹೊರಳುತ್ತದೆ. ಅಲ್ಲಿ ಎರಡು ವರ್ಷ ಒಲ್ಲದ ಮನಸ್ಸಿನಿಂದ ಕೂತು ಎದ್ದುಬಂದವರು ಬೆಳಗಾವಿಯ ಅನಗೋಳದ ಓಣಿ ಓಣಿಗೂ ಸಿಗುತ್ತಾರೆ.

ಜೋಡಣೆ: ಅಂಕಪಟ್ಟಿ, ಟಿಸಿ, ಜಾತಿ-ಆದಾಯ ಪ್ರಮಾಣಪತ್ರ. ಹಳ್ಳಿಯಲ್ಲಿ ಓದಿದವರಿಗೆ ಗ್ರಾಮೀಣ, ಕನ್ನಡ ಶಾಲೆಯವರಿಗೆ ಕನ್ನಡ ಮಾಧ್ಯಮ ಪ್ರಮಾಣಪತ್ರ. ಮೇಲೆ ಬಿಇಒ ಸಹಿ. ಸಹಿಗೆ ಹೋಗುವ ದಿನವೇ ಸಾಹೇಬರಿಗೆ ಮೀಟಿಂಗ್ ಇರುತ್ತದೆ. ಇದು ಯಂತ್ರದ ದೋಷವಲ್ಲ. ಖಾನಾಪುರದಿಂದ ಬರುವ ಹುಡುಗಿಯರಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಬಸ್ಸು ಉಚಿತ. ಹುಡುಗರು ಪಾಸು ಮಾಡಿಸಲಿ.

ಚಾಲನೆ: ಮೆಕ್ಯಾನಿಕಲ್‌ನವರಿಗೆ ಬಾಗಿಲು ಮೊದಲು ತೆರೆದುಕೊಳ್ಳುವುದು ಫಿಟ್ಟಿಂಗ್ ಶಾಪಿನಲ್ಲಿ. ಒಂದು ಕಬ್ಬಿಣದ ತುಂಡು ಕೊಡುತ್ತಾರೆ. ಅದನ್ನು ವೈಸಿಗೆ ಬಿಗಿದು ಅರದಿಂದ ಉಜ್ಜಬೇಕು. ಮುಂದೆ ತಳ್ಳುವಾಗ ಒತ್ತಡ, ಹಿಂದೆ ಎಳೆಯುವಾಗ ಹಗುರ. ಹಿಂದಕ್ಕೂ ಒತ್ತಿದರೆ ಅರದ ಹಲ್ಲು ಸವೆಯುತ್ತದೆ. ಪುಡಿ ಸಿಕ್ಕಿಕೊಳ್ಳದಿರಲಿ ಎಂದು ಅರಕ್ಕೆ ಸೀಮೆಸುಣ್ಣ ಹಚ್ಚುತ್ತಾರೆ. ಆಮೇಲೆ ಟ್ರೈಸ್ಕ್ವೇರ್ ಇಟ್ಟು ಕಿಟಕಿಯತ್ತ ಹಿಡಿಯುವುದು; ಸಂದಿನಲ್ಲಿ ಕೂದಲೆಳೆಯಷ್ಟು ಬೆಳಕು ಕಂಡರೂ ಮಾಸ್ತರರು ಮಾತಾಡದೆ ತುಂಡನ್ನು ವಾಪಸು ಕೊಡುತ್ತಾರೆ. ಮೊದಲ ವಾರ ಅಂಗೈಯಲ್ಲಿ ಬೊಕ್ಕೆ. ಸಂದು ಮುಚ್ಚಿದ ದಿನ ಹುಡುಗ ಆ ತುಂಡನ್ನು ಕಿಸೆಯಲ್ಲಿ ಹಾಕಿಕೊಂಡು ಮನೆಗೆ ಒಯ್ಯಲು ನೋಡುತ್ತಾನೆ. ಒಯ್ಯಕೂಡದು, ಅದಕ್ಕೆ ಅಂಕವಿದೆ. ಫೌಂಡ್ರಿಗಳ ಊರು ಬೆಳಗಾವಿ. ಇಲ್ಲಿನ ಶಾಪ್‌ಫ್ಲೋರಿನಲ್ಲಿ ಮೊದಲು ನೋಡುವುದು ಆ ಕೈಯನ್ನೇ.

ಭಾಷೆ ಬದಲಿಸುವ ಗುಂಡಿ ಈ ಮಾದರಿಯಲ್ಲಿಲ್ಲ. ಮರಾಠಿ ಶಾಲೆಯಿಂದ ಬಂದ ಖಾನಾಪುರದ ಹುಡುಗ, ಕನ್ನಡ ಶಾಲೆಯಿಂದ ಬಂದ ಬೈಲಹೊಂಗಲದ ಹುಡುಗ ಒಂದೇ ಬೆಂಚಿನಲ್ಲಿ ಕೂತು ಇಂಗ್ಲಿಷ್ ಪುಸ್ತಕದ ಮುಂದೆ ಒಂದೇ ಸಮ ಬೆವರುತ್ತಾರೆ. ಗಡಿ ತಂಟೆಯ ಪರಿಹಾರಕ್ಕೆ ಇಷ್ಟು ಅಗ್ಗದ ದಾರಿ ಯಾವ ಆಯೋಗಕ್ಕೂ ಹೊಳೆದಿರಲಿಲ್ಲ.

ಒಳಬಾಗಿಲುಗಳು: ಹೆಚ್ಚಿನವರು ಈ ಪುಟ ಓದುವುದೇ ಇಲ್ಲ. ಐಟಿಐ ಮುಗಿಸಿದವರು ಡಿಪ್ಲೊಮಾದ ಎರಡನೇ ವರ್ಷಕ್ಕೆ ಸೇರಬಹುದು. ಮೂರು ವರ್ಷದ ಡಿಪ್ಲೊಮಾ ಮುಗಿಸಿದವರು ಪರೀಕ್ಷಾ ಪ್ರಾಧಿಕಾರ (ಕೆಇಎ) ನಡೆಸುವ ಡಿಸಿಇಟಿ ಪ್ರವೇಶ ಪರೀಕ್ಷೆ ಬರೆದು ಬಿಇಯ ಎರಡನೇ ವರ್ಷಕ್ಕೆ, ಅಂದರೆ ಸೀದಾ ಮೂರನೇ ಸೆಮಿಸ್ಟರಿಗೆ. 1998ರಲ್ಲಿ ಬೆಳಗಾವಿಯಲ್ಲೇ ಸ್ಥಾಪನೆಯಾದ ವಿಟಿಯು ವಿಶ್ವವಿದ್ಯಾಲಯದ ಪದವಿಗೆ ಹೀಗೂ ಹಾದಿಯುಂಟು. ಪಿಯುಸಿಯಿಂದ ಬಂದ ಗೆಳೆಯನಿಗೂ ಡಿಪ್ಲೊಮಾದಿಂದ ಬಂದ ಇವನಿಗೂ ಕೊನೆಗೆ ಸಿಗುವುದು ಒಂದೇ ಪದವಿ. ಇಬ್ಬರಿಗೂ ಹಿಡಿಯುವುದು ಅಷ್ಟೇ ವರ್ಷ. ಆದರೆ ಇವನು ಲೇತ್ ಕಂಡರೆ ಹೆದರುವುದಿಲ್ಲ.

ದೋಷ ನಿವಾರಣೆ: ಗಣಿತ ಕೆಟ್ಟು ನಿಲ್ಲುವುದು ಸಾಮಾನ್ಯ. ಡಿಪ್ಲೊಮಾದಲ್ಲಿ ಹಗುರಾಗಿ ಸವರಿದ ಕ್ಯಾಲ್ಕ್ಯುಲಸ್ ಮೂರನೇ ಸೆಮಿಸ್ಟರಿನಲ್ಲಿ ಬಡ್ಡಿಸಮೇತ ಬರುತ್ತದೆ. ಬಿಇ ಸೇರುವ ಮುಂಚಿನ ರಜೆಯಲ್ಲೇ ರಿಪೇರಿ ಮಾಡಿಸಿ.

ಖಾತರಿ: ನೌಕರಿಗಿಲ್ಲ. 1961ರ ಅಪ್ರೆಂಟಿಸ್ ಕಾಯ್ದೆಯಲ್ಲಿ ಸ್ಟೈಪೆಂಡ್ ಇದೆ, ಖಾಯಂ ಮಾಡುವ ಮಾತಿಲ್ಲ. ಹತ್ತರಗಿಯ ವಿಮಾನ ಬಿಡಿಭಾಗಗಳ ಎಸ್‌ಇಝಡ್ ಇರಲಿ, ಉದ್ಯಮಬಾಗದ ಸಣ್ಣ ಶೆಡ್ ಇರಲಿ, ಅರ್ಜಿ ನೀವೇ ಹಾಕಬೇಕು. ಇಂಟರ್‌ವ್ಯೂಗೆ ಹೊರಟಾಗ ಅನಗೋಳದ ರೈಲ್ವೆ ಗೇಟು ಬಿದ್ದಿದ್ದರೆ ಈ ಯಂತ್ರದಿಂದ ಏಳುವುದಿಲ್ಲ. ಆ ಬಾಬತ್ತು ರೈಲ್ವೆ ಇಲಾಖೆಯದು; ಅರ್ಧ ಗಂಟೆ ಮುಂಚೆ ಮನೆ ಬಿಡಿ.