ಐಡಿ ಓದುವ ಅಣ್ಣ

ಬೈರಮಂಗಲದಂಥ ಊರಿನ ಟೀ ಅಂಗಡಿಯಲ್ಲಿ ಹಿಂದೆ ಪೇಪರ್ ಓದಿ ಹೇಳುವವನೊಬ್ಬ ಇರುತ್ತಿದ್ದ. ಈಗ ಆ ಬೆಂಚಿನ ಮೇಲೆ ಐಡಿ ಓದಿ ಹೇಳುವವನು ಕೂತಿದ್ದಾನೆ. ವಯಸ್ಸು ಐವತ್ತರ ಆಸುಪಾಸು. ಕನ್ನಡವನ್ನು ತಡೆಯಿಲ್ಲದೆ, ಇಂಗ್ಲಿಷನ್ನು ಅಕ್ಷರ ಕೂಡಿಸಿ, ಎರಡನ್ನೂ ಒಂದೇ ಗಂಟಲಲ್ಲಿ ಓದುತ್ತಾನೆ. ಅವನನ್ನು ಐಡಿಯಣ್ಣ ಎನ್ನೋಣ. ಪಕ್ಕದವನ ಫೋನಿನಲ್ಲಿ ಯಾವ ರೀಲ್ಸ್ ಓಡಿದರೂ ಇವನಿಗೆ ಕುಣಿತ ಬೇಡ, ಹಾಡು ಬೇಡ. ಮೂಲೆಯಲ್ಲಿ ಇರುವೆಯಷ್ಟು ಅಕ್ಷರದಲ್ಲಿರುವ ಹೆಸರು ಬೇಕು. ಫೋನು ಕಿತ್ತುಕೊಂಡು, ಕನ್ನಡಕ ಹಣೆಗೇರಿಸಿ, ಮೊಳದುದ್ದ ದೂರ ಹಿಡಿದು ಅಂಗಡಿಗೆಲ್ಲ ಕೇಳುವಂತೆ ಓದುತ್ತಾನೆ: "ಇಂಟು, ಇಂಟು, ಕಡು, ಕೆಳಗೀಟು, ಉಡ್ಗ, ಎಂಟು ಸೊನ್ನೆ ಐದು ಐದು." ಐಡಿಯ ಒಡೆಯನಾದ ಹುಡುಗ "ಕಡು ಅಲ್ಲ ಕಣಣ್ಣ, ಕಾಡು ಹುಡುಗ. ಅದು ಎಂಟು ಸೊನ್ನೆ ಅಲ್ಲ, ಬಾಸ್" ಎಂದು ತಿದ್ದಲು ಹೋದರೆ, "ಕಾಡು ಅಂತ ಎಲ್ಲಿ ಬರ್ದಿದ್ದೀಯಲಾ? ಇನ್ನೊಂದು ಎ ಹಾಕಕ್ಕೆ ನಿಮ್ಮಪ್ಪನ ಗಂಟು ಹೋಯ್ತಿತ್ತಾ?" ಎಂದು ಬಾಯಿ ಮುಚ್ಚಿಸುತ್ತಾನೆ.

ಅಂಗಡಿಯವರೆಲ್ಲ ನಗುತ್ತಾರೆ, ನಗಲಿ. ಆದರೆ ತಪ್ಪು ಓದಿದವನು ಇವನು ಎಂಬ ತೀರ್ಪನ್ನು ಮಾತ್ರ ಒಪ್ಪಲಾಗದು. ಐಡಿ ಎಂಬುದು ಅರ್ಧ ಬರೆದು ಬಿಟ್ಟ ಹೆಸರು, ಉಳಿದರ್ಧವನ್ನು ಓದುವವನೇ ತುಂಬಬೇಕು, ತುಂಬಿದವನಿಗೆ ಅದರ ಮೇಲೆ ಒಂದಿಷ್ಟು ಹಕ್ಕೂ ಬರುತ್ತದೆ ಎಂಬುದು ನನ್ನ ವಾದ. ಇನ್‌ಸ್ಟಾಗ್ರಾಂ ಐಡಿಗೆ ಕೊಡುವುದು ಇಂಗ್ಲಿಷ್ ಅಕ್ಷರ, ಅಂಕಿ, ಚುಕ್ಕಿ ಮತ್ತು ಕೆಳಗೀಟು ಮಾತ್ರ. ಎಲ್ಲ ಸೇರಿ 30ರೊಳಗೆ ಮುಗಿಯಬೇಕು. ನಮ್ಮ ಹ್ರಸ್ವ ದೀರ್ಘಗಳು, ಲಕಾರ ಳಕಾರಗಳು, ತಕಾರ ಟಕಾರಗಳು ಆ ಬಾಗಿಲಲ್ಲಿ ಚಪ್ಪಲಿ ಕಳಚಿಟ್ಟು ಒಳಗೆ ಹೋಗುತ್ತವೆ. ಎಂ, ಎ, ಎಲ್, ಎ ಎಂದು ನಾಲ್ಕಕ್ಷರ ಬರೆದಿಟ್ಟ ಮಾಲಾ ಎಂಬ ಹುಡುಗಿಯನ್ನು ಮಳ ಎನ್ನಬಹುದು, ಮಾಳ ಎನ್ನಬಹುದು. ಇನ್ನೂ ಒಂದು ಓದು ಇದೆ, ಟೀ ಕುಡಿಯುವ ಜಾಗದಲ್ಲಿ ಅದನ್ನು ಹೇಳುವುದು ಬೇಡ. ಐಡಿಯಣ್ಣನ ಸಭ್ಯತೆ ಗೊತ್ತಾಗುವುದು ಇಂಥಲ್ಲೇ. ಇರುವ ನಾಲ್ಕು ದಾರಿಯಲ್ಲಿ ಮರ್ಯಾದೆಯದನ್ನು ಆರಿಸಿಕೊಂಡು ಹೋಗುತ್ತಾನೆ. ಗಂಡುಹುಡುಗರ ಐಡಿಯಾದರೆ ಆ ರಿಯಾಯಿತಿ ಇಲ್ಲ.

ಈ ಕಷ್ಟ ಅವನಿಗೆ ಹೊಸದೂ ಅಲ್ಲ. ಅವನ ಊರೇ ಬೋರ್ಡಿನ ಮೇಲೆ ಬಿ, ವೈ ಎಂದು ಶುರುವಾಗುತ್ತದೆ. ಅದನ್ನು ಓದಿದ ಹೊರಗಿನವರು ಊರಿಗೆ ಬರುವ ಮೊದಲೇ ಬೈ ಹೇಳಿ, ಆಮೇಲೆ ರಾಮಂಗಲವನ್ನು ಬೇರೆಯಾಗಿ ಉಚ್ಚರಿಸುತ್ತಾರೆ. ಹತ್ತಿರದ ಬಿಡದಿಯಂತೂ 1999ರಲ್ಲಿ ಟೊಯೋಟಾ ಕಾರ್ಖಾನೆ ಕಾರು ಬಿಡಲು ಶುರು ಮಾಡಿದ ಮೇಲೆ ಎಲ್ಲೆಲ್ಲಿಂದಲೋ ಬಂದವರ ಬಾಯಲ್ಲಿ ಬಿದಾಡಿಯೂ ಆಗಿದೆ. ಅವರನ್ನು ಯಾರೂ ಜಗಳಕ್ಕೆ ಎಳೆಯಲಿಲ್ಲ. ಅವರಿಗೆ ತಟ್ಟೆ ಇಡ್ಲಿ ಕೊಟ್ಟರು, ದುಡ್ಡು ಇಸಕೊಂಡರು.

ಚಿಹ್ನೆಗಳ ವಿಷಯದಲ್ಲಿ ಐಡಿಯಣ್ಣನದು ಇನ್ನೂ ಗಟ್ಟಿ ನೆಲ. ಐಡಿಯ ಎರಡು ಬದಿಗೆ ಅಲಂಕಾರಕ್ಕೆಂದು ಹಾಕುವ ಎಕ್ಸುಗಳು ಅವನ ಪಾಲಿಗೆ ಇಂಟು ಮಾರ್ಕು, ಮೇಷ್ಟ್ರು ತಪ್ಪು ಲೆಕ್ಕಕ್ಕೆ ಹಾಕುತ್ತಿದ್ದದ್ದು. ಹೆಸರಿನ ಬಾಲಕ್ಕೆ ಅಫಿಷಿಯಲ್ ಎಂದಿದ್ದರೆ "ಯಾವ ಆಫೀಸ್ನಲ್ಲವ್ನೆ?" ಎಂದು ನಿಜವಾದ ಕುತೂಹಲದಿಂದ ಕೇಳುತ್ತಾನೆ. ಪಿಯುಸಿಯಲ್ಲಿ ಎರಡು ಸಬ್ಜೆಕ್ಟ್ ಉಳಿಸಿಕೊಂಡವನ ಬಗ್ಗೆ ಇದಕ್ಕಿಂತ ಒಳ್ಳೆಯ ಪ್ರಶ್ನೆ ಇನ್ನೊಂದಿಲ್ಲ. 42 ಎಂದಿದ್ದರೆ ಮಾತ್ರ ಚರ್ಚೆಯಿಲ್ಲದೆ ಒಳಗೆ ಬಿಟ್ಟುಕೊಳ್ಳುತ್ತಾನೆ, ಅದು ರಾಮನಗರದ ಗಾಡಿ ನಂಬರು. 8ನ್ನು ಬಿ ಎಂದೂ 5ನ್ನು ಎಸ್ ಎಂದೂ ಓದಿ ಬಾಸ್ ಮಾಡಿಕೊಳ್ಳುವುದು ಹುಡುಗರ ಶಾಸ್ತ್ರ. ಅಂಕಿಯನ್ನು ಅಂಕಿಯಾಗಿ ಓದಿದವನನ್ನು ದಡ್ಡ ಎನ್ನಲು ಯಾವ ಆಧಾರವಿದೆ? ಇನ್ನು 1971ರಲ್ಲಿ ರೇ ಟಾಮ್ಲಿನ್ಸನ್ ಎಂಬ ಎಂಜಿನಿಯರ್ ಮಿಂಚಂಚೆಗೆ ಆರಿಸಿಕೊಂಡ @ ಎಂಬ ಸುತ್ತು ಅಕ್ಷರವನ್ನು ಡಚ್ಚರು ಕೋತಿಯ ಬಾಲ ಎನ್ನುತ್ತಾರೆ, ಇಟಲಿಯವರು ಬಸವನಹುಳು ಎನ್ನುತ್ತಾರೆ, ನಾವು ಅಂಗಡಿ ಲೆಕ್ಕದ ಪುಸ್ತಕದಿಂದ ಎತ್ತಿಕೊಂಡು ಅಟ್ ದಿ ರೇಟ್ ಎನ್ನುತ್ತೇವೆ. ಬಿಡದಿ ಟೌನ್‌ಶಿಪ್‌ಗೆಂದು ಗುರುತು ಮಾಡಿದ ಊರುಗಳಲ್ಲಿ ಬೈರಮಂಗಲವೂ ಒಂದು. ಅಲ್ಲಿ ಅಟ್ ದಿ ರೇಟ್ ಎಂದು ಗಟ್ಟಿಯಾಗಿ ಓದಿದರೆ ಅಕ್ಕಪಕ್ಕದ ನಾಲ್ಕು ತಲೆ ಎಕರೆಗೆ ಎಷ್ಟು ಎಂದು ಇತ್ತ ತಿರುಗುತ್ತವೆ.

ಅವನ ಓದಿಗೆ ಒಂದು ಕ್ರಮವೂ ಇದೆ. ಅಕ್ಷರ ಕೈಕೊಟ್ಟರೆ ಅವನು ವಂಶಕ್ಕೆ ಹೋಗುತ್ತಾನೆ. "ಯಾರ ಮಗ ಇವ್ನು?" ಎಂಬುದು ಅವನ ವ್ಯಾಕರಣದ ಮೊದಲ ಸೂತ್ರ. ಎಂ, ಎ, ಎನ್, ಐ ಎಂಬುದು ಮಣಿಯೋ ಮನಿಯೋ ಎಂದು ಹೊರಗಿನವನು ತಿಣುಕುತ್ತಿರುವಾಗ, ಇವನು ಮಣಿಯಮ್ಮನ ಮೊಮ್ಮಗ ಅಲ್ಲವೇ ಎಂದು ಮೂರ್ಧನ್ಯವನ್ನು ಸರಿಯಾದ ಜಾಗದಲ್ಲಿ ಕೂರಿಸುತ್ತಾನೆ. ಬೆಂಗಳೂರಿನ ಯಾವ ತಂತ್ರಾಂಶಕ್ಕೂ ಈ ವಿದ್ಯೆಯಿಲ್ಲ. ಅವನು ಹಕಾರ ನುಂಗುತ್ತಾನಲ್ಲ ಎಂದರೆ, ಅದು ಈ ಸೀಮೆಯ ಬಾಯಿ. ರಾಮನಗರದಲ್ಲಿ ಹುಟ್ಟಿದ ಜಿ.ಪಿ. ರಾಜರತ್ನಂ ಹೆಂಡವನ್ನು ಯೆಂಡವೆಂದೇ ಬರೆದು, 'ಯೆಂಡ್ಕುಡ್ಕ ರತ್ನ'ನನ್ನು ಪಂಡಿತರ ಮನೆಯೊಳಕ್ಕೆ ಕಳಿಸಿದರು. ಹರೀಶ ಅರೀಶನಾದದ್ದಕ್ಕೆ ಐಡಿಯಣ್ಣನೊಬ್ಬನನ್ನು ಕಟಕಟೆಗೆ ಹತ್ತಿಸುವುದು ನ್ಯಾಯವಲ್ಲ.

ಹೆಸರು ಯಾರದೋ ಉಚ್ಚಾರಣೆಯೂ ಅವರದೇ ಅಲ್ಲವೇ, ಅವರನ್ನು ಕೇಳಿ ಅವರು ಹೇಳಿದಂತೆ ಕರೆಯಬೇಕಲ್ಲವೇ ಎಂದು ಕೇಳುವವರಿದ್ದಾರೆ. ಅಪ್ಪ ಅಮ್ಮ ಇಟ್ಟ ಹೆಸರಿಗೆ ಈ ಮಾತು ಸಲ್ಲುತ್ತದೆ. ಆದರೆ ಐಡಿಯನ್ನು ಅದರ ಒಡೆಯನೇ ಬಾಯಿಬಿಟ್ಟು ಹೇಳುವುದು ಅಪರೂಪ. ಕೇಳಿದರೆ "ತಡಿಯಣ್ಣ, ಕಳಿಸ್ತೀನಿ" ಎನ್ನುತ್ತಾನೆ. ಬೇಕಾದ ಹೆಸರು ಮೊದಲೇ ಇನ್ನೊಬ್ಬನ ಪಾಲಾಗಿದೆ ಎಂದು ಫೋನು ಹೇಳಿದಾಗ ಅಂಕಿಯನ್ನೂ ಗೀಟನ್ನೂ ತುರುಕಿ ಬೆಳೆಸಿದ್ದು ಅದು. ನಾಲಿಗೆಗೆ ಸಿಗಲಿ ಎಂದು ಹುಟ್ಟಿದ್ದೇ ಅಲ್ಲ. ಹೇಳಿಕೊಟ್ಟರೂ ಜನ ಕೇಳುತ್ತಾರೆಂಬ ಭರವಸೆಯಿಲ್ಲ. 1987ರಲ್ಲಿ ಜಿಫ್ ಚಿತ್ರಗಳನ್ನು ಕಂಡುಹಿಡಿದ ಸ್ಟೀವ್ ವಿಲ್‌ಹೈಟ್ 2013ರಲ್ಲಿ ಪ್ರಶಸ್ತಿ ತೆಗೆದುಕೊಳ್ಳುವಾಗ, ಅದು ಜಿಫ್, ಗಿಫ್ ಅಲ್ಲ ಎಂದು ತೆರೆಯ ಮೇಲೆ ಬರೆದೇ ತೋರಿಸಿದರು. ಗಿಫ್ ಎನ್ನುತ್ತಿದ್ದವರು ಚಪ್ಪಾಳೆ ತಟ್ಟಿ, ಮರುದಿನವೂ ಗಿಫ್ ಎಂದರು. ದೂರದ ಮಾತೇಕೆ, ರಾಮನಗರಕ್ಕೆ ಒಂದು ಕಾಲದಲ್ಲಿ ಶಂಶೇರಾಬಾದ್ ಎಂಬ ಹೆಸರಿತ್ತು, ಆಮೇಲೆ ಬ್ಯಾರಿ ಕ್ಲೋಸ್ ಎಂಬ ಬ್ರಿಟಿಷ್ ಅಧಿಕಾರಿಯ ನೆನಪಿಗೆ ಕ್ಲೋಸ್‌ಪೇಟೆ ಆಯಿತು. ಆ ಹೆಸರನ್ನು ಇವತ್ತಿಗೂ ನಿಷ್ಠೆಯಿಂದ ಉಚ್ಚರಿಸುವವರು ಕ್ಲೋಸ್‌ಪೇಟೆ ಗ್ರಾನೈಟ್ ಎನ್ನುವ ಭೂವಿಜ್ಞಾನಿಗಳು. 2007ರಲ್ಲಿ ಹುಟ್ಟಿದ ಜಿಲ್ಲೆಗೆ 2025ರಲ್ಲಿ ಬೆಂಗಳೂರು ದಕ್ಷಿಣ ಎಂದು ಹೆಸರಿಟ್ಟರು. ಟೀ ಅಂಗಡಿಯಲ್ಲಿ ಅದಿನ್ನೂ ರಾಮನಗರವೇ.

ಕನ್ನಡದಲ್ಲೇ ಐಡಿ ಬರೆದರೆ ಈ ರಗಳೆಯೇ ಇರುವುದಿಲ್ಲ ಎಂಬುದು ಅಭಿಮಾನಿಗಳ ಮಾತು, ಅದರಲ್ಲಿ ಸತ್ಯವಿದೆ. ನಾವು ಐಡಿ ಇಟ್ಟುಕೊಳ್ಳುವುದನ್ನು ಅಮೆರಿಕದವರಿಂದ ಕಲಿಯಲಿಲ್ಲ. ವಚನಕಾರರು ಅಂಕಿತವಿಲ್ಲದೆ ಮಾತು ಮುಗಿಸಲಿಲ್ಲ. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪನವರು ಮೂರು ಅಕ್ಷರ ಹೆಕ್ಕಿ ಕುವೆಂಪು ಆದರು, ಅದನ್ನು ಎರಡು ಬಗೆಯಲ್ಲಿ ಓದಲು ದಾರಿಯೇ ಇಲ್ಲ. ರಾಯಸಂ ಭೀಮಸೇನರಾಯರಂತೂ ತಮ್ಮ ಬೀಚಿಯಲ್ಲಿ ಬೀಯನ್ನು ಕನ್ನಡದಲ್ಲೂ ಚಿಯನ್ನು ಇಂಗ್ಲಿಷ್ ಅಕ್ಷರದಲ್ಲೂ ಬರೆದು, ಇವತ್ತಿನ ಹುಡುಗರ ಕಸುಬನ್ನು ಆಗಲೇ ಮಾಡಿ ಮುಗಿಸಿದ್ದರು. ದೀರ್ಘವನ್ನು ಮಾತ್ರ ಜಾಣತನದಿಂದ ಕನ್ನಡದ ಕೈಗೇ ಕೊಟ್ಟರು, ಹಾಗಾಗಿ ಬಚಾವಾದರು. ಆದರೆ ಈ ಅನುಕೂಲ ಬೈರಮಂಗಲದ ಹುಡುಗನಿಗಿಲ್ಲ. ಹೆಸರಿನ ಜಾಗದಲ್ಲಿ ಕನ್ನಡ ಹಾಕಬಹುದು, ಐಡಿಯ ಜಾಗದಲ್ಲಿ ಆಗದು. ಐಡಿಯಣ್ಣ ಓದುವುದು ಐಡಿಯನ್ನೇ. ಕನ್ನಡದಲ್ಲಿ ಬರೆದದ್ದನ್ನು ಯಾರು ಬೇಕಾದರೂ ಓದುತ್ತಾರೆ, ಅದಕ್ಕೆ ಇವನೇಕೆ ಬೇಕು?

ಫೋನಿನಲ್ಲಿ ದುಡ್ಡು ಕಳಿಸುವಾಗ ಹೀಗೆ ಓದಿದರೆ ಅಪಾಯವಲ್ಲವೇ ಎಂಬ ಪ್ರಶ್ನೆಗೆ ಉತ್ತರ ಸಲೀಸು. ಅಂಗಡಿ ಗಂಡನದು, ಖಾತೆ ಹೆಂಡತಿಯದು, ಸ್ಕ್ಯಾನ್ ಮಾಡಿದರೆ ಬರುವುದು ತವರುಮನೆಯ ಇನಿಶಿಯಲ್ಲು. ಮನಸ್ಸಿನಲ್ಲೇ ಓದಿಕೊಳ್ಳುವ ಜಾಣ ತಪ್ಪು ಮಾಡಿದರೆ ಗೊತ್ತಾಗುವುದು ದುಡ್ಡು ಹೋದ ಮೇಲೆ. ಐಡಿಯಣ್ಣ ಕಳಿಸುವ ಮೊದಲೇ ಕೂಗಿ ಓದುವುದರಿಂದ ಆರು ಜನ ತಿದ್ದುತ್ತಾರೆ, ಒಬ್ಬ ನಗುತ್ತಾನೆ, ಹಣ ಸರಿಯಾದ ಕಡೆ ಹೋಗುತ್ತದೆ.

ಗಟ್ಟಿಯಾದ ಆಕ್ಷೇಪ ಹೆಣ್ಣುಮಕ್ಕಳದು. ಊರಿಗೆ ತಿಳಿಯದಿರಲಿ ಎಂದೇ ಅವರು ಸ್ವರವೆಲ್ಲ ಕಿತ್ತ ಐಡಿ ಇಟ್ಟುಕೊಂಡಿರುತ್ತಾರೆ. ಇವನು ಅದನ್ನು ಬಿಡಿಸಲು ಕೂರುತ್ತಾನೆ. ಬಿಡಿಸಲಾಗದಿದ್ದರೆ ಫೋಟೋದ ಹಿಂದಿರುವ ಕೆರೆಯ ನೊರೆ ನೋಡಿ "ಇದು ನಮ್ಮೂರದೇ" ಎಂದು ಪತ್ತೆ ಹಚ್ಚುತ್ತಾನೆ. ವೃಷಭಾವತಿ ನದಿ ಆ ಕೆರೆಗೆ ಹೊತ್ತು ತರುವ ಬೆಂಗಳೂರಿನ ಕೊಳೆಯಿಂದ ಹೀಗೂ ಒಂದು ಉಪಯೋಗ. ಇಲ್ಲಿ ಅವನ ಪರ ವಕಾಲತ್ತು ವಹಿಸಲು ನನಗೆ ಮನಸ್ಸಿಲ್ಲ, ಓದುವ ಹಕ್ಕಿದೆಯೆಂದು ಕೂಗುವ ಹಕ್ಕು ಬರುವುದಿಲ್ಲ. ಆದರೆ ಹುಡುಗಿಯರು ವಕೀಲರಿಗಾಗಿ ಕಾಯಲಿಲ್ಲ, ಕೊರಿಯಾಕ್ಕೆ ಹೋದರು. ಬಿಟಿಎಸ್ ತಂಡದ ಕಿಮ್ ತೆಹ್ಯುಂಗನ ಹೆಸರನ್ನೇ ಐಡಿಗೆ ಹಾಕಿಕೊಂಡರು. ಐಡಿಯಣ್ಣ ಫೋನನ್ನು ಇನ್ನಷ್ಟು ದೂರ ಹಿಡಿದು, ಟಿ, ಎ, ಇ ಎಂದು ಕೂಡಿಸಿ, "ತಾಯ್" ಎನ್ನುವಲ್ಲಿಗೆ ನಿಲ್ಲಿಸಿ, ಫೋನು ವಾಪಸ್ ಕೊಡುತ್ತಾನೆ: "ಯಾರೋ ದೇವ್ರ ಮೇಲೆ ಭಕ್ತಿ ಇರೋ ಮಗ ಕಣ್ಲಾ. ಮುಂದ್ಕೆ ತಳ್ಳು."