ಪರದಾಭಾವ ಮೀಮಾಂಸೆ: ತಿತಿಮತಿಯ ನೆಲೆಯಿಂದ

ಬೆನ್ನಲ್ಲಿ ಪರದೆಯಿಲ್ಲದ ಡಿಜಿಟಲ್ ಕ್ಯಾಮೆರಾವನ್ನು ಕುರಿತು ಬರೆಯುವವರೆಲ್ಲ ಈಚೆಗೆ ‘ಧ್ಯಾನ’, ‘ಮೌನ’, ‘ಕ್ಷಣದ ಸಾಕ್ಷಾತ್ಕಾರ’ ಎನ್ನತೊಡಗಿರುವುದರಿಂದ, ಅದಕ್ಕೊಂದು ಶಾಸ್ತ್ರ ಕಟ್ಟಿಕೊಡದೆ ಸುಮ್ಮನಿರುವುದು ಕನ್ನಡ ವಿದ್ವತ್ತಿಗೆ ಶೋಭೆಯಲ್ಲ. ಆ ಶಾಸ್ತ್ರಕ್ಕೆ ‘ಪರದಾಭಾವ ಮೀಮಾಂಸೆ’ ಎಂದು ಹೆಸರಿಟ್ಟಿದ್ದೇವೆ. ಫಾರಸಿಯ ಪರದೆಗೆ ಸಂಸ್ಕೃತದ ಅಭಾವವನ್ನು ಗಂಟುಹಾಕಿದ್ದು ಅರಿಸಮಾಸವಲ್ಲವೇ ಎಂದು ಕೇಶಿರಾಜನ ಪಕ್ಷದವರು ಹುಬ್ಬೇರಿಸಬಹುದು. ಹೌದು, ಅರಿಸಮಾಸವೇ. ಪದಾರ್ಥವೂ ಅಂಥದ್ದೇ ತಾನೇ: ಹೊಟ್ಟೆಯಲ್ಲಿ ಡಿಜಿಟಲ್ ಸೆನ್ಸರು, ಮೈಮೇಲೆ 1954ರ ಲೈಕಾ ಎಂ3ರ ವೇಷ. ಇನ್ನು ಕೊಡಗಿನ ತಿತಿಮತಿಯೇ ಯಾಕೆಂದರೆ, ‘ನೆಲೆ’ಯೊಂದಿಲ್ಲದೆ ಸಂಕಥನ ನಿಲ್ಲದು ಎಂಬ ನಿಯಮವನ್ನು ವಿಚಾರ ಸಂಕಿರಣಗಳಲ್ಲಿ ಕೂತು ಬೆನ್ನು ನೋಯಿಸಿಕೊಂಡವರೆಲ್ಲ ಬಲ್ಲರು. ಬೇರೆ ಕಾರಣವೂ ಇದೆ, ಅದು ಆಮೇಲೆ.

ಮೊದಲು ವಸ್ತುಸ್ಥಿತಿ. ಎಂ3ಗೆ ಅರವತ್ತು ತುಂಬಿದ ನೆನಪಿಗೆ ಜರ್ಮನಿಯ ಲೈಕಾ ಕಂಪನಿ 2014ರಲ್ಲಿ ಪರದೆಯಿಲ್ಲದ 600 ಕ್ಯಾಮೆರಾ ಮಾಡಿತು. ಆಮೇಲೆ 2016ರಲ್ಲಿ ಎಂ-ಡಿ, 2018ರಲ್ಲಿ ಎಂ10-ಡಿ, 2024ರಲ್ಲಿ ಎಂ11-ಡಿ ಬಂದವು. ಎಂ-ಡಿಯ ಬೆನ್ನ ಮೇಲೆ ಪರದೆ ಇರಬೇಕಾದ ಕಡೆ ಐಎಸ್ಒ ತಿರುಗಿಸುವ ಬಿಲ್ಲೆಯೊಂದು ಕೂತಿದೆ. ನೈಯಾಯಿಕರ ಮಾತಿನಲ್ಲಿ ಹೇಳುವುದಾದರೆ ಪರದೆ ಪ್ರತಿಯೋಗಿ, ಬೆನ್ನು ಅನುಯೋಗಿ. ‘ನೆಲದ ಮೇಲೆ ಮಡಕೆಯಿಲ್ಲ’ ಎಂಬ ತಿಳಿವು ಹೇಗೆ ಬರುತ್ತದೆಂದು ನಮ್ಮ ಶಾಸ್ತ್ರಕಾರರು ಶತಮಾನಗಟ್ಟಲೆ ಜಗಳಾಡಿದರು. ಇಲ್ಲದ ಮಡಕೆಗೆ ಇರುವ ಮಡಕೆಗಿಂತ ಹೆಚ್ಚು ದುಡ್ಡು ಕೇಳಬಹುದೆಂದು ಅವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಪರದೆಯುಳ್ಳ ಲೈಕಾ ಎಂ ಟೈಪ್ 262 ಅಮೆರಿಕದಲ್ಲಿ 5,195 ಡಾಲರಿಗೆ ಬಂದಿತ್ತು. ಅದೇ ಕ್ಯಾಮೆರಾದ ಪರದೆ ಕಳಚಿದ ರೂಪವಾದ ಎಂ-ಡಿ 5,995ಕ್ಕೆ ಬಂತು. ಅಭಾವದ ದರ 800 ಡಾಲರು. ಕಣಾದನಿಂದ ಈಚೆಗೆ ಅಭಾವವನ್ನು ಇಷ್ಟು ಕರಾರುವಾಕ್ಕಾಗಿ ಅಳೆದವರಿಲ್ಲ.

ಅಭಾವ ನಾಲ್ಕು ಬಗೆ. ಪರದೆ ಹುಟ್ಟುವ ಮೊದಲಿನ ಫಿಲ್ಮ್ ಕ್ಯಾಮೆರಾದಲ್ಲಿದ್ದುದು ಪ್ರಾಗಭಾವ. ಕಾಫಿ ಕಣದ ಸಿಮೆಂಟಿನ ಮೇಲೆ ಬಿದ್ದು ಚೂರಾದ ಪರದೆಯದು ಪ್ರಧ್ವಂಸಾಭಾವ. ಈ ಬಗೆಯ ಅಭಾವಕ್ಕೆ ಯಾರೂ ಹೆಚ್ಚು ಬೆಲೆ ಕೊಡುವುದಿಲ್ಲ ಎಂಬುದು ಚಿಂತನೀಯ. ಮೂರು ಕಾಲದಲ್ಲೂ ಇಲ್ಲದಿರುವುದು ಅತ್ಯಂತಾಭಾವ. ಎಂ-ಡಿ ಕುಲದ ಕ್ಯಾಮೆರಾಗಳು ತಾವು ಈ ವರ್ಗದವು ಎನ್ನುತ್ತವೆ. ಆದರೆ ಎಂ10-ಡಿಗೆ ವೈಫೈ ಇದೆ, ಕಂಪನಿಯದೇ ಆ್ಯಪ್ ಇದೆ. ತೆಗೆದ ಚಿತ್ರವನ್ನು ಮೊಬೈಲಿನಲ್ಲಿ ನೋಡಿಕೊಳ್ಳಬಹುದು. ಅಂದರೆ ಪರದೆ ಸನ್ಯಾಸ ತೆಗೆದುಕೊಂಡಿಲ್ಲ, ಬೆನ್ನಿನಿಂದ ಜೇಬಿಗೆ ಬಿಡಾರ ಬದಲಿಸಿದೆ. ಅದೇ ಕ್ಯಾಮೆರಾದ ಮೇಲೆ ಹಳೆಯ ಕಾಲದಲ್ಲಿ ಫಿಲ್ಮ್ ಮುಂದೂಡುತ್ತಿದ್ದಂಥ ಕಡ್ಡಿಯೊಂದಿದೆ. ಅದು ಏನನ್ನೂ ಮುಂದೂಡುವುದಿಲ್ಲ. ಹೆಬ್ಬೆರಳಿಗೆ ಆಸರೆ ಮಾತ್ರ. ನಾಲ್ಕನೆಯದಾದ ಅನ್ಯೋನ್ಯಾಭಾವವನ್ನು ಶ್ರದ್ಧಾವಂತ ವಾಚಕರು ತಾವೇ ಊಹಿಸಿಕೊಳ್ಳಲಿ. ಆ ಕಡ್ಡಿಯನ್ನು ಕಂಡ ಮೇಲೆ ವರ್ಗೀಕರಣದಲ್ಲಿ ನಮಗೆ ಉತ್ಸಾಹ ಉಳಿದಿಲ್ಲ.

ರೇಂಜ್‌ಫೈಂಡರಿನ ಸ್ವಭಾವವನ್ನೂ ಹೇಳಬೇಕು. ಇದರಲ್ಲಿ ಕಣ್ಣು ನೋಡುವುದು ಲೆನ್ಸಿನ ಮೂಲಕವಲ್ಲ, ಪಕ್ಕದ ಕಿಟಕಿಯಿಂದ. ನಡುವಿನ ಚಿಕ್ಕ ಚೌಕದಲ್ಲಿ ಎರಡು ಬಿಂಬಗಳು ಒಂದಾದಾಗ ಫೋಕಸ್ ಕೂತಿತೆಂದು ಅರ್ಥ. ದ್ವೈತ ಕರಗಿ ಅದ್ವೈತವಾಯಿತು ಎಂದು ಬರೆಯಲು ಕೈ ತುರಿಸುತ್ತದೆ, ಬರೆದವರೂ ಇದ್ದಾರು. ಕಿಟಕಿ ಬೇರೆ, ಲೆನ್ಸು ಬೇರೆಯಾದ್ದರಿಂದ ಲೆನ್ಸಿನ ಮುಚ್ಚಳ ತೆಗೆಯದೆಯೂ ಜಗತ್ತು ಸೊಗಸಾಗಿ ಕಾಣುತ್ತದೆ. ಒಳಗಿನ ಕೆಂಪು ಬಾಣ ಬೆಳಕಿಲ್ಲವೆಂದು ಎಚ್ಚರಿಸುತ್ತದಲ್ಲ ಎಂದು ಆಕ್ಷೇಪಿಸಿದರೆ, ಧ್ಯಾನಸ್ಥನು ಬಾಣಕ್ಕೆ ಅಂಜುವುದಿಲ್ಲ ಎಂಬುದೇ ಸಮಾಧಾನ. ಇನ್ನೊಂದು ಮಿತಿ, ಕಿಟಕಿಯ ಚೌಕಟ್ಟಿನ ಗೆರೆಗಳು 135 ಮಿಲಿಮೀಟರಿಗೆ ಮುಗಿಯುತ್ತವೆ. ಹುಣಸೂರು-ಗೋಣಿಕೊಪ್ಪ ರಸ್ತೆಯಲ್ಲಿ ಸಲಗವೊಂದು ಅಡ್ಡ ನಿಂತಾಗ ಇದರಿಂದ ಅದರ ಮುಖ ತುಂಬಿಸಿಕೊಳ್ಳಬೇಕೆಂದರೆ ಎಷ್ಟು ಹತ್ತಿರ ಹೋಗಬೇಕೆಂದು ಲೆಕ್ಕ ಹಾಕಬಹುದು. ಹೋಗಿ ಬಂದು ಹೇಳುವುದು ಕಷ್ಟ.

ಇನ್ನು ತಿತಿಮತಿ. ಬೆನ್ನಲ್ಲಿ ಪರದೆಯಿಲ್ಲದ ಕ್ಯಾಮೆರಾ ಈ ಸೀಮೆಗೆ ಹೊಸದಲ್ಲ. ಪಕ್ಕದ ನಾಗರಹೊಳೆಯಲ್ಲಿ 1990ರ ದಶಕದ ಮೊದಲಲ್ಲೇ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ಮರಗಳಿಗೆ ಕ್ಯಾಮೆರಾ ಕಟ್ಟಿಸಿದರು. ಹುಲಿ ದಾರಿಯಲ್ಲಿ ನಡೆದರೆ ತನ್ನ ಪಟ ತಾನೇ ತೆಗೆದುಕೊಳ್ಳುತ್ತಿತ್ತು. ಎರಡು ಪಕ್ಕೆಯ ಪಟ್ಟೆಗಳು ಎರಡು ಬಗೆಯಾದ್ದರಿಂದ ದಾರಿಯ ಎರಡೂ ಬದಿಗೆ ಒಂದೊಂದು ಕ್ಯಾಮೆರಾ. ಆ ಪಟಗಳಿಂದ ಹುಲಿಗಳ ಸಂಖ್ಯೆ ಅಂದಾಜು ಮಾಡುವ ಅವರ ಪ್ರಬಂಧ 1995ರಲ್ಲಿ ಪ್ರಕಟವಾಗಿ ಜಗತ್ತಿನ ಹುಲಿಗಣತಿಯ ರೀತಿಯನ್ನೇ ಬದಲಿಸಿತು. ಅಲ್ಲಿ ಯಾರೂ ‘ಕ್ಷಣದ ಸಾಕ್ಷಾತ್ಕಾರ’ ಎನ್ನಲಿಲ್ಲ. ಪರದೆ ಬೇಕಿರಲಿಲ್ಲ, ಇರಲಿಲ್ಲ. ಚಿತ್ರ ಹೇಗೆ ಬಂತೆಂದು ಹುಲಿಯೂ ಬಂದು ಕೇಳಲಿಲ್ಲ.

ಮನುಷ್ಯರು ಕೇಳುತ್ತಾರೆ. ನಮ್ಮ ಸಿದ್ಧಾಂತ ಇಲ್ಲಿಂದ ಶುರು, ಶಾಸ್ತ್ರದ ವೇಷ ಇನ್ನು ಬೇಡ. ಪರದೆ ಇಲ್ಲದಿರುವುದರಿಂದ ಛಾಯಾಗ್ರಾಹಕ ಏನು ತ್ಯಾಗ ಮಾಡಿದ ಎಂಬುದನ್ನೇ ಪಂಡಿತರು ಎಣಿಸುತ್ತಾರೆ. ಅವನು ಏನನ್ನೂ ಬಿಟ್ಟಿಲ್ಲ. ರಾತ್ರಿ ಹೋಂಸ್ಟೇಯಲ್ಲಿ ಕೂತು ಎಲ್ಲವನ್ನೂ ದೊಡ್ಡದಾಗಿ ನೋಡುತ್ತಾನೆ. ಕಳೆದುಕೊಂಡವರು ಕ್ಯಾಮೆರಾದ ಮುಂದೆ ನಿಂತವರು. ಡಿಜಿಟಲ್ ಛಾಯಾಗ್ರಹಣ ತಂದ ಒಂದೇ ಒಂದು ಮರ್ಯಾದೆಯೆಂದರೆ ಬೆನ್ನಿನ ಆ ಅಂಗೈಯಗಲದ ಗಾಜು. ಇಲ್ಲಿನ ಜೇನುಕುರುಬರ ಹಾಡಿಯ ಅಂಗಳದಲ್ಲಿ ಪಟ ತೆಗೆಸಿಕೊಂಡ ಮಗು ಓಡಿಬಂದು ತನ್ನ ಮುಖ ತಾನು ನೋಡುತ್ತಿತ್ತು. ಕಾಫಿ ಕುಯ್ಯುವ ಹೆಂಗಸು ‘ಇದು ಬೇಡ, ಅಳಿಸಿ’ ಎನ್ನಬಹುದಿತ್ತು. ಆ ಮಾತಿಗಿದ್ದ ಜಾಗವನ್ನು ಕಿತ್ತುಹಾಕಿ, ಅದಕ್ಕೆ ವೈರಾಗ್ಯವೆಂದು ಹೆಸರು ಕೊಟ್ಟಿದ್ದಾರೆ.

ಫಿಲ್ಮ್ ಕಾಲದಲ್ಲಿ ಪರದೆ ಎಲ್ಲಿತ್ತು ಎಂಬ ಪ್ರಶ್ನೆ ಬಂದೇ ಬರುತ್ತದೆ. ಇರಲಿಲ್ಲ, ಆದರೆ ಸ್ಟುಡಿಯೋದವನು ಪ್ರತಿ ಕೈಗಿಡದೆ ದುಡ್ಡು ಕೇಳುವಂತಿರಲಿಲ್ಲ. ಪ್ರತಿ ಕೊಡದೆ ತೆಗೆದವರೂ ಇದ್ದರು, ನಿಜ: ಅಳತೆಪಟ್ಟಿ, ಮೂಗಳೆಯುವ ಕೈವಾರಗಳ ಜೊತೆ ಕ್ಯಾಮೆರಾ ಹೊತ್ತು ತಿರುಗಿದ ಎಡ್ಗರ್ ಥರ್ಸ್ಟನ್. 1909ರಲ್ಲಿ ಏಳು ಸಂಪುಟಗಳಲ್ಲಿ ಅಚ್ಚಾದ ಅವರ ದಕ್ಷಿಣ ಭಾರತದ ಜಾತಿ-ಬುಡಕಟ್ಟುಗಳ ಗ್ರಂಥದಲ್ಲಿ ಜೇನುಕುರುಬರ ವಿವರವೂ ಇದೆ. ಆ ಸಂಪುಟಗಳು ಹಾಡಿಗಳಿಗಾಗಿ ಅಚ್ಚಾದವಲ್ಲ. ಪರದೆಯಿಲ್ಲದ ಕ್ಯಾಮೆರಾ ಹಳೆಯ ಪರಂಪರೆಯನ್ನು ಮುಂದುವರಿಸುತ್ತಿದೆ ಎಂದು ಕೊಂಡಾಡುವವರು ಯಾವ ಪರಂಪರೆ ಎಂದು ಒಮ್ಮೆ ಯೋಚಿಸಲಿ. ಬರೀ ಕ್ಯಾಮೆರಾವನ್ನೇಕೆ ದೂರುತ್ತೀರಿ, ಪರದೆ ಇದ್ದವರೂ ತೋರಿಸುವುದಿಲ್ಲವಲ್ಲ ಎಂಬ ಆಕ್ಷೇಪವೂ ಉಂಟು. ಒಪ್ಪಿದೆವು. ತೋರಿಸದಿದ್ದುದು ಆಗ ಅವರ ಒರಟುತನವಾಗಿತ್ತು. ಈಗ ಯಂತ್ರದ ಗುಣವಾಗಿದೆ, ಅದಕ್ಕೆ ಮೇಲುಬೆಲೆಯೂ ಇದೆ.

ತಿತಿಮತಿಯ ಹತ್ತಿರದ ಮತ್ತಿಗೋಡು ಶಿಬಿರದ ಅಭಿಮನ್ಯು 2020ರಿಂದ ಮೈಸೂರು ದಸರೆಯಲ್ಲಿ ಅಂಬಾರಿ ಹೊತ್ತ ಆನೆ. ಅವನ ಚಿತ್ರ ಯಾರಲ್ಲಿಲ್ಲ? ಆನೆಯ ಹೆಸರು ಚಿತ್ರದ ಕೆಳಗೆ ತಪ್ಪದೆ ಬರುತ್ತದೆ. ಕತ್ತಿನ ಮೇಲೆ ಕೂತ ಮಾವುತನ ಹೆಸರು ಎಷ್ಟು ಚಿತ್ರಗಳಲ್ಲಿದೆ ನೋಡಿ. ಇಂಥ ಶಿಬಿರಗಳ ಮಾವುತರು, ಕಾವಾಡಿಗಳಲ್ಲಿ ಅನೇಕರು ಜೇನುಕುರುಬರು. ಇನ್ನು ಹುಲಿ ಎಣಿಸಲು ಕಾಡಿನಲ್ಲಿ ಕಟ್ಟಿದ ಯಂತ್ರಗಳ ಮುಂದೆ ಹುಲಿಯೊಂದೇ ಹಾದುಹೋಗುವುದಿಲ್ಲ. ಉತ್ತರಾಖಂಡದ ಕಾರ್ಬೆಟ್ಟಿನಲ್ಲಿ ಮರಕ್ಕೆ ಕಟ್ಟಿದ ಕ್ಯಾಮೆರಾ ಬಹಿರ್ದೆಸೆಗೆ ಹೋದ ಹೆಂಗಸಿನ ಚಿತ್ರ ತೆಗೆದು, ಆ ಚಿತ್ರ ಊರ ಮೊಬೈಲುಗಳಲ್ಲಿ ಹರಿದಾಡಿದ್ದನ್ನು 2024ರಲ್ಲಿ ಬಂದ ಕೇಂಬ್ರಿಜ್ ವಿಶ್ವವಿದ್ಯಾಲಯದ ಅಧ್ಯಯನವೊಂದು ದಾಖಲಿಸಿತು. ತನ್ನ ಚಿತ್ರ ತೆಗೆದಾಗ ‘ಅಳಿಸಿ’ ಎನ್ನಲು ಅವಳ ಮುಂದೆ ಪರದೆಯೂ ಇರಲಿಲ್ಲ, ಮನುಷ್ಯನೂ ಇರಲಿಲ್ಲ. ಇದಕ್ಕೆ ಯಾವ ಅಭಾವವೆಂದು ಹೆಸರಿಡುವುದು?

ಪರದೆ ಇರುವ ಕ್ಯಾಮೆರಾ ತನ್ನಿ, ಇಲ್ಲದ್ದು ತನ್ನಿ, ಲಕ್ಷಗಟ್ಟಲೆ ಕೊಟ್ಟು ತಂದರೂ ಅಡ್ಡಿಯಿಲ್ಲ. ತೆಗೆದ ಮೇಲೆ ಹೆಸರು ಕೇಳಿ ಬರೆದುಕೊಳ್ಳಿ. ಒಂದು ಪ್ರತಿ ಕಾಗದದ ಮೇಲೆ ಹಾಕಿಸಿ, ಹಿಂದೆ ಆ ಹೆಸರು ಬರೆದು ಕಳಿಸಿ. ತಿತಿಮತಿಯಲ್ಲಿ ಅಂಚೆ ಕಚೇರಿ ಇದೆ.