ಹೊಟ್ಟೆಬಾಕ ಮಹಾಶಯರಿಗೆ

ಶ್ರೀಮಾನ್ ವೊಲ್ವರಿನ್ ಅವರಿಗೆ,
ಹಿಮದ ಬಿಲ, ನಾರ್ವೆಯ ಬೆಟ್ಟಸಾಲು.

ಮಾನ್ಯರೇ,

ಹಿಮನಾಡಿನ ಪ್ರಾಣಿಯಾದ ತಮ್ಮನ್ನು ಜರ್ಮನ್ನರು ‘ಫೀಲ್‌ಫ್ರಾಸ್’ ಎಂದು ಕರೆಯುವುದು ತಮ್ಮ ಕಿವಿಗೂ ಬಿದ್ದಿರಬೇಕು. ‘ಫೀಲ್’ ಅಂದರೆ ಬಹಳ. ‘ಫ್ರಾಸ್’ ಹುಟ್ಟಿದ್ದು ‘ಫ್ರೆಸೆನ್’ನಿಂದ. ಆ ಭಾಷೆಯಲ್ಲಿ ಮನುಷ್ಯರು ಉಣ್ಣುವುದಕ್ಕೆ ‘ಎಸೆನ್’ ಎಂಬ ಮರ್ಯಾದಸ್ಥ ಕ್ರಿಯಾಪದವಿದೆ. ಪ್ರಾಣಿಗಳ ಪಾಲಿಗೆ ‘ಫ್ರೆಸೆನ್’. ಮನುಷ್ಯರಿಗೆ ಬಳಸಿದರೆ ಅದು ನಮ್ಮ ‘ಮುಕ್ಕು’ ಇದ್ದ ಹಾಗೆ. ಎರಡನ್ನೂ ಕೂಡಿಸಿದರೆ ಹೊಟ್ಟೆಬಾಕ. ಸಮಾಸ ಬಿಡಿಸಿ ಅಂಕ ಗಳಿಸುವ ಹುಡುಗರಿಗೆ ಇಷ್ಟು ಸಾಕು.

ತಮಗೆ ಸಾಲದು. ಏಕೆಂದರೆ ಹಳೆಯ ನಾರ್ವೇಜಿಯನ್ ಭಾಷೆಯಲ್ಲಿ ತಾವು ‘ಫ್ಯೆಲ್‌ಫ್ರೊಸ್’: ‘ಫ್ಯೆಲ್’ ಬೆಟ್ಟ, ‘ಫ್ರೊಸ್’ ಗಂಡುಬೆಕ್ಕು. (ತಾವು ಬೆಕ್ಕೂ ಅಲ್ಲ ಎಂಬ ತಕರಾರು ಸದ್ಯ ಪಕ್ಕಕ್ಕಿರಲಿ.) ಈ ಹೆಸರು ಜರ್ಮನ್ ಕಿವಿಗೆ ಬಿದ್ದಾಗ, ಅಲ್ಲಿನ ತಿಂಡಿಪೋತ ಮನುಷ್ಯರನ್ನು ಬೈಯಲು ಮೊದಲೇ ಇದ್ದ ಪದವೊಂದು ಕೈಗೆ ಸಿಕ್ಕಿತು. ಅವರನ್ನು ಪೂರ್ತಿ ದೂರುವಂತೆಯೂ ಇಲ್ಲ. ಸಂತೆಯ ಗದ್ದಲದಲ್ಲಿ ‘ಬೆಟ್ಟಬೆಕ್ಕು’ ಎಂದು ಕೂಗಿ ನೋಡಿ; ನಮ್ಮವರೂ ‘ಹೊಟ್ಟೆಬಾಕ’ ಎಂದೇ ಬರೆದುಕೊಂಡಾರು.

ಹೆಸರಿಟ್ಟ ಮೇಲೆ ಸಾಕ್ಷಿ ಬೇಕಲ್ಲ? 1555ರಲ್ಲಿ ರೋಮ್‌ನಲ್ಲಿ ಅಚ್ಚಾದ ಗ್ರಂಥದಲ್ಲಿ ಸ್ವೀಡನ್ನಿನ ಓಲಾಸ್ ಮ್ಯಾಗ್ನಸ್ ಅದನ್ನೂ ಒದಗಿಸಿದ. ತಾವು ಹೊಟ್ಟೆ ನಗಾರಿಯಾಗುವಷ್ಟು ಹೆಣ ತಿಂದು, ಎರಡು ಮರಗಳ ಇಕ್ಕಟ್ಟಿನಲ್ಲಿ ನುಸುಳಿ, ಹೊಟ್ಟೆ ಹಿಂಡಿ ಖಾಲಿ ಮಾಡಿಕೊಂಡು, ಮತ್ತೆ ಬಂದು ಎಲೆಯ ಮುಂದೆ ಕೂರುತ್ತೀರಂತೆ! ನಮ್ಮ ಕಲ್ಯಾಣಮಂಟಪಗಳ ಹಿಂದೆ ಅಂಥ ಎರಡು ಮರ ನೆಡಿಸಬೇಕೆಂದು ನನಗನ್ನಿಸಿದ್ದುಂಟು. 1758ರಲ್ಲಿ ಜೀವಿಗಳಿಗೆ ಹೆಸರಿಡುತ್ತಿದ್ದ ವಿಜ್ಞಾನಿ ಲಿನೇಯಸ್ ಲ್ಯಾಟಿನ್ನಿನ ‘ಗುಲೊ’ ಎಂಬ ಹೆಸರನ್ನೇ ದಾಖಲಿಸಿದ. ಅದೂ ಹೊಟ್ಟೆಬಾಕನೇ. ಈಗ ವಿಜ್ಞಾನದ ದಫ್ತರಿನಲ್ಲಿ ತಾವು ‘ಗುಲೊ ಗುಲೊ’. ಒಂದು ಸಲ ಬೈದರೆ ಸಾಲದೆಂದು ಎರಡು ಸಲ.

ತಾವಾದರೋ ಸಿಕ್ಕ ಮಾಂಸವನ್ನು ಹಿಮದಡಿಯಲ್ಲಿ, ಬಂಡೆಯ ಸಂದಿಯಲ್ಲಿ ಬಚ್ಚಿಟ್ಟು ಕಷ್ಟಕಾಲಕ್ಕೆ ಉಳಿಸುವವರು. ಇಂಥವರನ್ನು ನಮ್ಮೂರಲ್ಲಿ ಜಿಪುಣ ಅಂದಾರೇ ಹೊರತು ಹೊಟ್ಟೆಬಾಕ ಅನ್ನಲಾರರು.

ಜರ್ಮನ್ನರ ಡೂಡನ್ ನಿಘಂಟು ಈ ಎಡವಟ್ಟನ್ನು ಒಪ್ಪಿ ಅಚ್ಚು ಹಾಕಿದೆ. ಹೆಸರು ಮಾತ್ರ ಹಾಗೇ ಇದೆ. ಮಾನನಷ್ಟ ಮೊಕದ್ದಮೆ ಹೂಡೋಣವೆಂದರೆ ಆರೋಪಿ ಬರೀ ಒಂದು ಕಿವಿ.

ಇತಿ,
ತಮ್ಮ ಹಿತೈಷಿ

ತಾ.ಕ.: ತಮ್ಮ ದಾಯಾದಿಯೊಬ್ಬರು ನಮ್ಮ ಕಾವೇರಿ, ತುಂಗಭದ್ರೆಗಳಲ್ಲಿ ಮೀನು ಹಿಡಿದುಕೊಂಡಿದ್ದಾರೆ. ನಾವು ಅವರನ್ನು ‘ನೀರುನಾಯಿ’ ಅನ್ನುತ್ತೇವೆ. ದಯವಿಟ್ಟು ಈ ಪತ್ರ ಅವರಿಗೆ ತೋರಿಸಬೇಡಿ.